ಕಣ್ಣಲ್ಲಿ ನೀರು ಬರಿಸುವ ಸಾರು

ಹೂಂಗುಟ್ಟೋರು ಇದ್ದರೆ ಹೇಳತೀನಿ, ಕೇಳಿ. ಫಕ್ಕೀರವ್ವ ಅಂತ ಒಬ್ಬಾಕೆ. ಒಣಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿ ಮಾಡಿ ಬದುಕಿದವಳು. ಒಬ್ಬನೇ ಮಗ, ಗುದ್ಲೆಪ್ಪ. ಮೂವತ್ತು ತುಂಬಿದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. ನಾನು ಹೋದ ಮೇಲೆ ಇವನಿಗೆ ಯಾರು ಅಂತ ತಾಯಿಗೆ ಅದೊಂದೇ ಚಿಂತೆ.

ಒಂದು ಸಲ ದೊಡ್ಡಪ್ಪನ ಮನೆಗೆ ಊಟಕ್ಕೆ ಹೊರಟ. ಮುಂದೆ ಇಟ್ಟಿದ್ದನ್ನು ಬಿಡಬಾರದು ಅಂತ ತಾಯಿ ಹೇಳಿ ಕಳಿಸಿದಳು. ಅಲ್ಲಿ ಅವನ ಮುಂದೆ ರಂಜಕದ ಬಟ್ಟಲು ಬಂತು. ಹಣ್ಣುಮೆಣಸಿನಕಾಯಿ ಅರೆದ ಕೆಂಪು ಚಟ್ನಿ, ಬೆರಳ ತುದಿಯಷ್ಟಿದ್ದರೆ ಒಂದು ರೊಟ್ಟಿಗಾಗುತ್ತದೆ. ಪಂಕ್ತಿಗೆಲ್ಲ ಅಂತ ತಂದದ್ದನ್ನು ಗುದ್ಲೆಪ್ಪ ಒಬ್ಬನೇ ಬಳಿದು ತಿಂದ. ಕಿವಿಯಲ್ಲಿ ಬೆಂಕಿ, ಮೂಗಲ್ಲಿ ನೀರು, ಬಿಡಲಿಲ್ಲ. ಎರಡು ದಿನ ತುಟಿ ಊದಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ಮಲಗಿದ. ಕಣ್ಣಲ್ಲಿ ನೀರು ಬಂದ ಕೂಡಲೇ ಬಾಯಿಗೆ ಬೆಲ್ಲ ಹಾಕಬೇಕು ಅಂತ ತಾಯಿ ಬೈದು ಬುದ್ಧಿ ಹೇಳಿದಳು.

ಅದೇ ತಿಂಗಳು ದೊಡ್ಡಪ್ಪ ತೀರಿಕೊಂಡ. ಗುದ್ಲೆಪ್ಪ ಜೇಬಲ್ಲಿ ಬೆಲ್ಲ ಇಟ್ಟುಕೊಂಡು ಹೋದ. ಹೆಣದ ಪಕ್ಕ ದೊಡ್ಡವ್ವ ಕಣ್ಣೀರು ಸುರಿಸುತ್ತ ಕೂತಿದ್ದಳು. ಹೋದವನೇ ಆಕೆಯ ಬಾಯಿಗೆ ಒಂದು ಹೆಂಟೆ ಬೆಲ್ಲ ತುರುಕಿದ. ಮಣ್ಣು ಕೊಡುವುದಕ್ಕೂ ನಿಲ್ಲಿಸದೆ ಜನ ಅವನನ್ನು ಹೊರಗೆ ದಬ್ಬಿದರು.

"ಅಳೋರನ್ನ ಕಂಡ್ರ ಜೋಡಿ ಕೂತು ಅಳಬೇಕಪ್ಪಾ," ಅಂದಳು ಫಕ್ಕೀರವ್ವ. "ಅಷ್ಟೂ ತಿಳಿಯೂದಿಲ್ಲೇನು ನಿನಗ?"

ತಿಳಿಯಿತು ಅಂದ.

ಎಷ್ಟೋ ಕಡೆ ಕೇಳಿ ಕೇಳಿ, ಕಡೆಗೆ ಒಂದು ಮನೆಯವರು ಹೆಣ್ಣು ಕೊಡಲು ಒಪ್ಪಿದರು. ತಾಯಿ ಮಗ ಇಬ್ಬರೂ ಹೋದರು. ಒಳಗೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟಿಗೆ ಹುಡುಗಿಯ ಕಣ್ಣಲ್ಲಿ ನೀರು, ಅವಳ ತಾಯಿಯ ಕಣ್ಣಲ್ಲಿ ನೀರು. ಗುದ್ಲೆಪ್ಪ ಸೀದಾ ಅವರ ನಡುವೆ ಕೂತು, ಎದೆ ಎದೆ ಬಡಿದುಕೊಂಡು ಅತ್ತ. ಶುಭಕಾರ್ಯಕ್ಕೆ ಬಂದು ಹೆಣದ ಮುಂದೆ ಅತ್ತಂಗೆ ಅತ್ತವನಿಗೆ ಹೆಣ್ಣು ಕೊಡುವುದು ಹೇಗೆ ಅಂತ ಅವರು ಕೈಮುಗಿದರು.

ಆವತ್ತು ಫಕ್ಕೀರವ್ವ ಬೈಯಲಿಲ್ಲ. ಮನೆಗೆ ಬಂದು ಜ್ವರ ಅಂತ ಮಲಗಿದವಳು ಎಂಟು ದಿನ ಏಳಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ. ಒಂಬತ್ತನೇ ದಿನ ಮಗನನ್ನು ಕರೆದಳು.

"ಬಾಯಿ ಕೆಟ್ಟೈತಿ, ಗುದ್ಲಾ. ಒಂದೀಟು ಅನ್ನ ಮಾಡಿ, ಸಾರು ಕಾಸು. ಕಣ್ಣಾಗ ನೀರು ಬರೂವಂಗ ಖಾರ ಹಾಕು. ಉಣ್ಣತೀನಿ."

ಅವನಿಗೆ ಎಲ್ಲಿಲ್ಲದ ಹಿಗ್ಗು. ಅನ್ನ ಮಾಡಿ ತಾಯಿಯ ಮುಂದೆ ತಾಟು ಇಟ್ಟು ಬಂದ. ಸಾರು ಕಾಸಿ, ಒಂದು ಸೌಟು ಕುಡಿದು ನೋಡಿದ. ಕಣ್ಣಲ್ಲಿ ನೀರು ಬರಲಿಲ್ಲ. ಖಾರದ ಪುಡಿ ಹಾಕಿದ, ಕುಡಿದ. ಬರಲಿಲ್ಲ. ಇನ್ನೊಂದು ಚಮಚ ಹಾಕಿದ, ಕುಡಿದ. ನಾಲಿಗೆ ಉರಿಯಿತು, ಗಂಟಲು ಉರಿಯಿತು, ಕಣ್ಣು ಮಾತ್ರ ಒಣಗಿಯೇ ಇತ್ತು. ಅವ್ವ ಹೇಳಿದ್ದು ಆಗುವ ತನಕ ಬಿಡುವ ಹಾಗಿಲ್ಲ. ಕಡೇ ಸೌಟಿಗೆ ಒಂದು ಹನಿ ಕೆನ್ನೆಗಿಳಿಯಿತು. ಗಡಿಗೆ ನೋಡಿದರೆ ಬರಿದು.

ಬರೀ ಗಡಿಗೆಯನ್ನೇ ಎತ್ತಿಕೊಂಡು ಒಳಗೆ ಓಡಿದ. ಫಕ್ಕೀರವ್ವ ಗಡಿಗೆ ನೋಡಿದಳು, ಮಗನ ಉರಿದ ಬಾಯಿ ನೋಡಿದಳು. ತಾಟು ಹತ್ತಿರ ಎಳೆದುಕೊಂಡು ಬರೀ ಅನ್ನ ಬಾಯಿಗಿಟ್ಟಳು. ಅವಳ ಕಣ್ಣು ತುಂಬಿ ಹರಿಯಿತು.

ಗುದ್ಲೆಪ್ಪನ ಮುಖ ಅರಳಿತು.

"ಖಾರ ಸರಿ ಆಗೇತಿ, ಅಲ್ಲನವ್ವಾ?"