ಎಣ್ಣೆಗಾಯಿ ಪಿಂಚಣಿ

ನಾನು ಮೊದಲ ಸಲ ಮನೆ ಬಿಟ್ಟದ್ದು ಒಂದು ಮಂಗಳವಾರ. ಮಗ್ಗಿ ಪುಸ್ತಕವನ್ನು ಶಾಲೆಯ ಜಗಲಿ ಮೇಲಿಟ್ಟು, ಮದುವೆ ಅಡುಗೆಯವರ ಲಾರಿ ಹತ್ತಿದೆ. ಆಮೇಲೆ ಯಾವ ಊರಲ್ಲೂ ತಿಂಗಳಿಗಿಂತ ಹೆಚ್ಚು ನಿಂತವನಲ್ಲ.

ಮೊನ್ನೆ ಚಿತ್ರದುರ್ಗದಲ್ಲಿ ನಿವೃತ್ತ ಖಜಾನೆ ಅಧಿಕಾರಿ ವೃಷಭೇಂದ್ರಯ್ಯನವರ ಮಗಳ ಮದುವೆಗೆ ಅಡುಗೆ ಮಾಡಿದೆ. ನನ್ನ ಬದನೆಕಾಯಿ ಎಣ್ಣೆಗಾಯಿ ತಿಂದವರೇ ಅವರು ನನ್ನ ಸೌಟಿನ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನಿನಗೆ ಐವತ್ತಾರು. ಕೈಕಾಲು ಸೋತ ಮೇಲೆ ಯಾರಯ್ಯ ನೋಡ್ತಾರೆ? ಠೇವಣಿ ಇದೆಯಾ? ಮುಂದಿನ ಪ್ಲಾನ್ ಏನು, ಹೇಳು. ಇದ್ದರೆ ಚೀಲ ತಗೊಂಡು ಹೋಗು. ಇಲ್ಲಾಂದ್ರೆ ನಮ್ಮನೇಲೇ ಅಡುಗೆ ಮಾಡ್ಕೊಂಡು ಬಿದ್ದಿರು."

"ಇದೆ ಸಾರ್. ಹನ್ನೊಂದು ಊರಲ್ಲಿ ಹನ್ನೊಂದು ಮನೆಯವರಿಗೆ ಎಣ್ಣೆಗಾಯಿ ಮಸಾಲೆ ಕಲಿಸಿದ್ದೀನಿ. ಒಂದೇ ಒಂದು ಸಾಮಾನು ಹೇಳಿಲ್ಲ. ಕೈಲಾಗದ ಕಾಲಕ್ಕೆ ತಿಂಗಳಿಗೊಂದು ಮನೆಗೆ ಹೋಗಿ ಕೂತ್ಕೋತೀನಿ. ಅವರು ಅನ್ನ ಹಾಕ್ತಾರೆ, ನಾನು ಆ ಸಾಮಾನು ಹಾಕ್ತೀನಿ."

"ವರ್ಷಕ್ಕೆ ಹನ್ನೆರಡು ತಿಂಗಳಯ್ಯ! ಇನ್ನೊಂದು ತಿಂಗಳು ಉಪವಾಸವೋ?"

"ಮದುವೆಯಿಲ್ಲದ ಆಷಾಢಕ್ಕೆ ಮನೆ ಸಿಕ್ಕಿರಲಿಲ್ಲ ಸಾರ್. ಬೆಳಿಗ್ಗೆ ಅಮ್ಮಾವ್ರಿಗೂ ಕಲಿಸಿಬಿಟ್ಟೆ."

ಅಡುಗೆಮನೆಯಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಯಜಮಾನರಿಗೆ ತಡೆಯಲಾಗಲಿಲ್ಲ. "ಆ ಸಾಮಾನು ಯಾವುದು? ಈಗಲೇ ಹೇಳು."

"ಅವಧಿಗೆ ಮುಂಚೆ ಠೇವಣಿ ಮುರಿದರೆ ನಷ್ಟ ಸಾರ್. ನಿಮಗೆ ಗೊತ್ತಿಲ್ಲದ್ದಾ?"

ಅವರು ಬೀರುವಿನ ಬೀಗ ತೆಗೆದರು. ನಾನು ಸೌಟು, ಜಾಲರಿ, ಈಳಿಗೆ ಎಲ್ಲ ಇದೆಯಾ ನೋಡಿಕೊಂಡು ಚೀಲದ ದಾರ ಬಿಗಿಯುತ್ತಿದ್ದಾಗ, ಪಕ್ಕಕ್ಕೆ ಬಂದು ಮೆತ್ತಗೆ ಕೇಳಿದರು:

"ಆಷಾಢದ ಮೊದಲ ದಿನವೇ ಬರ್ತೀಯಲ್ಲ? ಕೋಣೆಗೆ ಸುಣ್ಣ ಹೊಡೆಸಿರ್ತೀನಿ."