ಹನ್ನೆರಡನೇ ಲೆವೆಲ್ಲಿನ ಗಂಟೆ

ಯಂತ್ರಕ್ಕೆ ನಮ್ಮ ಮಾತು ತಿಳಿಯುವುದಿಲ್ಲ. ನಡುವೆ ಒಬ್ಬ ದುಭಾಷಿ ಬೇಕು. ಕಂಪ್ಯೂಟರಿನವರು ಆ ದುಭಾಷಿಯನ್ನು ಕಂಪೈಲರ್ ಎನ್ನುತ್ತಾರೆ. ನಾವು ಬರೆದದ್ದನ್ನು ಅದು ಯಂತ್ರ ಪಾಲಿಸುವಂಥ ಹುಕುಮುಗಳಾಗಿ ಮಾಡಿಕೊಡುತ್ತದೆ. ಕಂಪ್ಯೂಟರು ಹುಟ್ಟುವ ಮೊದಲೇ ಒಂದು ಚಿನ್ನದ ಗಣಿಯಲ್ಲಿ ಅಂಥದ್ದೊಂದು ದುಭಾಷಿ ಇತ್ತು. ಅಲ್ಲಿನವರು ಅದನ್ನು ಗಂಟೆಪೆಟ್ಟಿಗೆ ಎಂದು ಕರೆಯುತ್ತಿದ್ದರು.

ಗಣಿಯ ಬಾವಿಯೊಳಗೆ ಜನರನ್ನು ಇಳಿಸಲು ಕೇಜು ಎಂಬ ಕಬ್ಬಿಣದ ಪಂಜರವಿತ್ತು. ಅದರ ಹಗ್ಗ ಸುತ್ತುವ ಎಂಜಿನ್ನು ಬಾವಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಎಂಜಿನ್ ಓಡಿಸುವ ರತ್ನಸ್ವಾಮಿಗೆ ಕೇಜು ಕಾಣುತ್ತಿರಲಿಲ್ಲ. ಅವನ ಎದುರಿಗಿದ್ದದ್ದು ಎರಡೇ ವಸ್ತು. ಕೇಜು ಎಷ್ಟನೇ ಲೆವೆಲ್ಲಿನಲ್ಲಿ, ಅಂದರೆ ಆಳದ ಎಷ್ಟನೇ ಅಂತಸ್ತಿನಲ್ಲಿದೆ ಎಂದು ತೋರಿಸುವ ಮುಳ್ಳು, ಮತ್ತು ಒಂದು ಗಂಟೆ. ಒಂದು ಏಟು ಬಿದ್ದರೆ ನಿಲ್ಲಿಸಬೇಕು. ಎರಡಾದರೆ ಇಳಿಸಬೇಕು. ಮೂರಾದರೆ ಏರಿಸಬೇಕು. ಆಮೇಲೆ ಬೀಳುವ ಏಟುಗಳು ಎಲ್ಲಿಗೆ ಎಂಬುದನ್ನು ಹೇಳುತ್ತಿದ್ದವು. ಬಾವಿಯ ಬಾಯಿಯಿಂದ ಆ ಗಂಟೆಯ ಸುತ್ತಿಗೆಗೆ ಒಂದು ತಂತಿ. ಅದೇ ತಂತಿ ಬಾವಿಯೊಳಕ್ಕೂ ಇಳಿದಿತ್ತು. ಕೇಜಿನಲ್ಲಿದ್ದವರೂ ಬೇಕಾದರೆ ಕೈ ಚಾಚಿ ಅದನ್ನು ಜಗ್ಗಬಹುದಿತ್ತು.

ಮೊದಲು ಗಂಟೆ ಬಾರಿಸುತ್ತಿದ್ದವನು ಮನುಷ್ಯ. ಒಂದು ದಿನ ಅವನ ಎಣಿಕೆ ತಪ್ಪಿತು. ಹತ್ತನೇ ಲೆವೆಲ್ಲಿಗೆ ಹೋಗಬೇಕಿದ್ದ ಸಂಪಂಗಿ ಎಂಬ ಕೆಲಸಗಾರ ಹನ್ನೆರಡರಲ್ಲಿ ಇಳಿದ. ಹನ್ನೆರಡರ ಚಾವಣಿ ಆಗಲೇ ಸಡಿಲವಾಗಿತ್ತು. ಕಲ್ಲು ಕುಸಿಯಿತು. ಹೆಣ ಸಿಗಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿತು. ಅಲ್ಲಿ ದೀಪ ಉರಿಯುತ್ತಿರಲಿಲ್ಲ. ದೀಪ ಉರಿಯದ ಕಡೆ ಮನುಷ್ಯ ನೂರು ಎಣಿಸುವುದರೊಳಗೆ ನೆಲಕ್ಕೆ ಬೀಳುತ್ತಾನೆ. ಹಾಗಾಗಿ ಹನ್ನೆರಡಕ್ಕೆ ಹಲಗೆಯ ಬಾಗಿಲು ಹಾಕಿ ಮುಚ್ಚಿಬಿಟ್ಟರು.

ಸಂಪಂಗಿಯ ಹೆಂಡತಿ ಗಂಗುಲಮ್ಮ. ಅವಳ ತಮ್ಮ ಚೌಡಪ್ಪ ಅದೇ ಗಣಿಯಲ್ಲಿ ಮೆಕ್ಯಾನಿಕ್ಕು. ಭಾವನ ಸಾವಿನ ಮೇಲೆ ಅವನು ಎಂಟು ತಿಂಗಳು ಕೂತು ಗಂಟೆಪೆಟ್ಟಿಗೆಯನ್ನು ಮಾಡಿದ. ‘ಇಳಿಸು’, ‘ಇಪ್ಪತ್ತು’ ಎಂಬ ಕೀಲಿಗಳನ್ನು ಒತ್ತಿದರೆ ಸಾಕು. ಒಳಗಿನ ಚಕ್ರದ ಮೊಳೆಗಳು ತಂತಿಯನ್ನು ತಾವೇ ಜಗ್ಗುತ್ತಿದ್ದವು. ಇಳಿಸು ಎಂಬುದಕ್ಕೆ ಎರಡು ಏಟು, ಇಪ್ಪತ್ತನೇ ಲೆವೆಲ್ಲಿಗೆ ಗೊತ್ತು ಮಾಡಿದ್ದು ಐದು, ಒಟ್ಟು ಏಳು. ಎಣಿಕೆ ತಪ್ಪುವ ಮಾತೇ ಇರಲಿಲ್ಲ. ಜೊತೆಗೆ ಒಂದು ಜಾಗ್ರತೆಯನ್ನೂ ಸೇರಿಸಿದ. ಕೇಜು ಹನ್ನೆರಡರ ಹತ್ತಿರ ಬಂದಾಗ, ಅಲ್ಲಿನ ಬಾಗಿಲು ಮುಚ್ಚಿದೆಯೇ ಎಂದು ಪೆಟ್ಟಿಗೆ ಒಮ್ಮೆ ವಿಚಾರಿಸಿಕೊಳ್ಳುತ್ತಿತ್ತು. ಇನ್ನೊಬ್ಬ ಅಲ್ಲಿ ಇಳಿಯಬಾರದು, ಅಷ್ಟೇ ಅವನ ಆಸೆ.

ವರ್ಕ್‌ಶಾಪಿನಲ್ಲಿ ಪೆಟ್ಟಿಗೆ ಒಂದೇ ಒಂದು ತಪ್ಪು ಮಾಡಲಿಲ್ಲ. ಬಾವಿಗೆ ತಂದು ಕೂರಿಸಿದ ಮೊದಲ ದಿನವೇ ಕೇಜು ಹನ್ನೆರಡರಲ್ಲಿ ನಿಂತಿತು.

ಯಾರೂ ಅಲ್ಲಿಗೆ ಎಂದು ಕೀಲಿ ಒತ್ತಿರಲಿಲ್ಲ. ಕೇಜಿನ ದೀಪದಲ್ಲಿ ಹಲಗೆಗಳಷ್ಟೇ ಕಾಣುತ್ತಿದ್ದವು. ನಿಂತ ಕೇಜು ಸ್ವಲ್ಪ ತಗ್ಗಿತು, ಯಾರೋ ಕಾಲಿಟ್ಟು ಹತ್ತಿದ ಹಾಗೆ. ತೂಗುವ ಹಗ್ಗ ಹಾಗೆ ತಗ್ಗುವುದು ಸಹಜ. ಸಹಜ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇಲಿದ್ದವರು ಮತ್ತೆ ಕೀಲಿ ಒತ್ತಿದರು. ಕೇಜು ಇಳಿಯಿತು. ಸಂಜೆ ಏರುವಾಗಲೂ ಅಲ್ಲೇ ನಿಂತಿತು. ಮರುದಿನವೂ ಹಾಗೇ ಆಯಿತು.

ಚೌಡಪ್ಪ ಎಂಜಿನ್ ಮನೆಗೆ ಹೋಗಿ ಜಗಳ ತೆಗೆದ. ರತ್ನಸ್ವಾಮಿಗೆ ನಿದ್ದೆ ಬಂದಿರಬೇಕು ಎಂದ. ರತ್ನಸ್ವಾಮಿ ಬೀಡಿ ಕೆಳಗಿಟ್ಟು ಹೇಳಿದ, “ಒಂದು ಏಟು ಬಿತ್ತು, ನಿಲ್ಲಿಸಿದೆ. ಬಾರಿಸಿದ್ದು ಯಾರು ಅಂತ ಕೇಳೋ ಕೆಲಸಕ್ಕೆ ನನ್ನ ಇಟ್ಟಿಲ್ಲ ಕಣಪ್ಪ. ನಿನ್ನ ಪೆಟ್ಟಿಗೆ ಅಲ್ಲ ಅಂತೀಯಾ? ಹಾಗಾದ್ರೆ ಆ ತಂತಿ ಇನ್ನೆಲ್ಲೆಲ್ಲಿ ಹೋಗುತ್ತೆ, ನೀನೇ ಯೋಚನೆ ಮಾಡು.”

ತಂತಿ ಹನ್ನೆರಡರ ಬಾಗಿಲಿನ ಪಕ್ಕದಲ್ಲೇ ಹೋಗುತ್ತಿತ್ತು.

ಚೌಡಪ್ಪ ಪೆಟ್ಟಿಗೆ ಬಿಚ್ಚಿ ಮೊಳೆಗಳನ್ನು ಎಣಿಸಿದ. ಏಳು ಇರಬೇಕಾದ ಕಡೆ ಏಳೇ ಇದ್ದವು. ಯಾವ ದೇಶಕ್ಕೆ ಹೋದರೂ ಮೆಕ್ಯಾನಿಕ್ಕುಗಳು ಏನೂ ತೋಚದಾಗ ಎಣ್ಣೆ ಬಿಡುತ್ತಾರೆ. ಚೌಡಪ್ಪನೂ ಪೆಟ್ಟಿಗೆಗೂ ಕೇಜಿಗೂ ಬಿಟ್ಟ. ಕೇಜು ಈಗ ಕಿರುಗುಟ್ಟದೆ ನಿಂತಿತು. ಅದು ಇನ್ನೂ ಕೆಟ್ಟದಾಗಿತ್ತು.

ಕೇಜು ಹತ್ತು ಜನರನ್ನು ಹಿಡಿಯುತ್ತಿತ್ತು. ಹದಿನೈದು ದಿನದಲ್ಲಿ ಒಂಬತ್ತೇ ಜನ ಹತ್ತತೊಡಗಿದರು. ಯಾರೂ ಹಾಗೆಂದು ತೀರ್ಮಾನ ಮಾಡಿರಲಿಲ್ಲ. ಬಾಗಿಲ ಪಕ್ಕದ ಮೂಲೆಯನ್ನು ಖಾಲಿ ಬಿಡುತ್ತಿದ್ದರು. ಹನ್ನೆರಡರಲ್ಲಿ ನಿಂತಾಗ ಒಬ್ಬ ಕೈ ಚಾಚಿ ಹಲಗೆಯ ಸಂದಿಗೆ ಒಂದು ವೀಳ್ಯದೆಲೆ ಸಿಕ್ಕಿಸುತ್ತಿದ್ದ. ಎಲೆ ಕಳಿಸುತ್ತಿದ್ದವಳು ಗಂಗುಲಮ್ಮ. ಸಂಪಂಗಿಗೆ ಎಲೆಯಡಿಕೆ ಇಲ್ಲದೆ ಊಟ ಇಳಿಯುತ್ತಿರಲಿಲ್ಲ. ಗಂಡ ಸತ್ತಾಗಿನಿಂದ ಯಾರ ಜೊತೆಯೂ ಮಾತಾಡದಿದ್ದವಳು ಈಗ ದಿನಾ ಬೆಳಿಗ್ಗೆ ಬಾವಿಯ ಬಾಯಿಗೆ ಬಂದು, ನಿನ್ನೆ ಅವರು ಎಷ್ಟು ಸಲ ಬಾರಿಸಿದರು ಎಂದು ವಿಚಾರಿಸುತ್ತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ಚೌಡಪ್ಪ ಅದನ್ನು ನೋಡಲಾರದೆ ಬೇರೆ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ.

ಮೇಲಧಿಕಾರಿಗಳಿಗೆ ಹೊತ್ತು ಹಾಳಾಗುವುದು ಮಾತ್ರ ಕಾಣಿಸಿತು. ಸುಲಭದ ದಾರಿ ಹುಡುಕು ಎಂದರು. ಚೌಡಪ್ಪ ಹುಡುಕಿದ. ಮುಳ್ಳು ಹನ್ನೆರಡರ ಮೇಲಿದ್ದಾಗ ಒಂಟಿ ಏಟು ಬಿದ್ದರೆ ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಎಂದು ರತ್ನಸ್ವಾಮಿಗೆ ಹೇಳಿದ. ಅಂದಿನಿಂದ ಕೇಜು ನಿಲ್ಲದೆ ಹೋಯಿತು. ಎಲ್ಲರೂ ಚೌಡಪ್ಪನ ಬೆನ್ನು ತಟ್ಟಿದರು. ಗಂಟೆ ಮಾತ್ರ ಬಾರಿಸುತ್ತಲೇ ಇತ್ತು.

ನಾಲ್ಕನೇ ದಿನ ಒಬ್ಬ ಅಭ್ಯಾಸದಂತೆ ಎಲೆ ಸಿಕ್ಕಿಸಲು ಕೈ ಚಾಚಿದ. ಕೇಜು ನಿಲ್ಲುವುದಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಲಗೆಗೂ ಕಬ್ಬಿಣಕ್ಕೂ ನಡುವೆ ಕೈ ಸಿಕ್ಕಿತು. ಪಕ್ಕದವನು ತಂತಿ ಹಿಡಿದು ಜಗ್ಗಿದ. ಎಂಜಿನ್ ಮನೆಯಲ್ಲಿ ಒಂಟಿ ಏಟು ಬಿತ್ತು. ರತ್ನಸ್ವಾಮಿ ತನಗೆ ಹೇಳಿದಂತೆಯೇ ನಡೆದುಕೊಂಡ. ಎಂಜಿನ್ ನಿಲ್ಲಿಸಲಿಲ್ಲ.

ಮೂರು ಬೆರಳು ಹೋದವು.

ಆಮೇಲೆ ಯಾರೂ ಮೆಲ್ಲಗೆ ಮಾತಾಡಲಿಲ್ಲ. ಕರೆದರೂ ನಿಲ್ಲಲಿಲ್ಲವೆಂದು ಸಂಪಂಗಿ ಮುನಿದಿದ್ದಾನೆ ಎಂದರು. ಗಂಗುಲಮ್ಮ ಜನರ ಮುಂದೆ ಕೂತು ಒಂದೇ ಮಾತು ಹೇಳಿದಳು, “ಅಷ್ಟು ಕರೀತಿದಾರೆ. ಬಾಗಿಲು ತೆಗೀರಿ.” ಒಂಬತ್ತು ಜನ ಕೆಲಸಗಾರರು ಒಪ್ಪಿದರು. ಸೋಮವಾರ ಬೆಳಗಿನ ಪಾಳಿಯಲ್ಲಿ ಹಲಗೆ ಕೀಳುವುದೆಂದಾಯಿತು. ತಾನೇ ಮುಂದೆ ಹೋಗುತ್ತೇನೆ ಎಂದಳು ಅವಳು. ಕೆಟ್ಟ ಗಾಳಿಯ ವಿಷಯವನ್ನು ಚೌಡಪ್ಪ ಎಷ್ಟು ಹೇಳಿದರೂ, ತಂತಿ ಜಗ್ಗುವವರಿಗೆ ಇಲ್ಲದ ಕೆಟ್ಟ ಗಾಳಿ ನಮಗೆಲ್ಲಿಂದ ಬಂತು ಎಂದು ಕೇಳಿದರು. 

ಭಾನುವಾರ ಬೆಳಿಗ್ಗೆ ಅವನು ತನಗೆ ಕೆಲಸ ಕಲಿಸಿದ ಆರೋಗ್ಯದಾಸ್ ಮೇಸ್ತ್ರಿಯ ಮನೆಗೆ ಹೋದ. ಮೇಸ್ತ್ರಿಗೆ ಎಪ್ಪತ್ತಾಗಿತ್ತು. ನಲವತ್ತು ವರ್ಷ ಎಂಜಿನ್ನಿನ ಸದ್ದಿನಲ್ಲಿ ಬದುಕಿ ಎರಡು ಕಿವಿಯೂ ಪೂರ್ತಿ ಹೋಗಿದ್ದವು. ಗಂಟೆಯ ರೋಗಕ್ಕೆ ಕಿವುಡ ವೈದ್ಯನೇ ಎಂದು ದಾರಿಯಲ್ಲಿ ಜನ ನಕ್ಕರು. ಚೌಡಪ್ಪ ನಡೆದದ್ದನ್ನೆಲ್ಲ ಹಲಗೆಯ ಮೇಲೆ ಬಳಪದಲ್ಲಿ ಬರೆದು ತೋರಿಸಿದ.

ಮೇಸ್ತ್ರಿ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಬಾವಿಯ ಬಾಯಿಗೆ ಬಂದು ಒಂದು ಬಕೆಟ್ಟು ಬೋರಲು ಹಾಕಿ ಕೂತರು. ಎಡ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಎಂಜಿನ್ ಮನೆಗೆ ಹೋಗುವ ತಂತಿಯ ಮೇಲೆ ಬಲ ಅಂಗೈ. ಖಾಲಿ ಕೇಜನ್ನು ಇಪ್ಪತ್ತಕ್ಕೆ ಇಳಿಸು ಎಂದು ಸನ್ನೆ ಮಾಡಿದರು. ಕೇಜು ತಳ ಮುಟ್ಟುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದರು.

“ನಿನ್ನ ಪೆಟ್ಟಿಗೆ ಏಳು ಸಲ ಹುಕುಂ ಕೊಡ್ತು. ಒಂದು ಸಲ ಏನೋ ವಿಚಾರಿಸ್ತು. ತಂತಿ ಎಂಟು ಸಲ ಅಲುಗಿತು.”

ಚೌಡಪ್ಪ ಬರೆದ, ‘ವಿಚಾರಿಸೋದು ಹುಕುಂ ಅಲ್ಲ ಮೇಸ್ತ್ರಿ. ಬಾಗಿಲು ಮುಚ್ಚಿದೆಯಾ ಅಂತ ನೋಡೋದು ಅಷ್ಟೆ. ಅದನ್ನ ನಾನು ಎಣಿಸಿಲ್ಲ.’

“ನೀನು ಎಣಿಸಲಿಲ್ಲ. ತಂತಿ ಎಣಿಸ್ತು. ಹೇಗೆ ನೋಡುತ್ತೆ ಅದು?”

ಬರೆಯಲು ಹೋದ ಚೌಡಪ್ಪನ ಕೈ ಅಲ್ಲೇ ನಿಂತಿತು. ಪೆಟ್ಟಿಗೆ ನೋಡುತ್ತಿದ್ದದ್ದು ತಂತಿಯನ್ನು ಜಗ್ಗಿ. ಹನ್ನೆರಡರ ಬಾಗಿಲಿನ ಕೊಂಡಿಗೆ ಅದನ್ನು ಕಟ್ಟಿದ್ದವನು ಅವನೇ. ಬಾಗಿಲು ತೆರೆದಿದ್ದರೆ ತಂತಿ ಸಡಿಲವಾಗಿ ಬರುತ್ತದೆ, ಮುಚ್ಚಿದ್ದರೆ ಬಿಗಿಯಾಗಿ ಹಿಡಿಯುತ್ತದೆ. ಬಿಗಿಯಾಗಿ ಹಿಡಿದಾಗ ಆ ಜಗ್ಗು ಇನ್ನೊಂದು ತುದಿಗೆ ಹೋಗಿ ಸುತ್ತಿಗೆಯನ್ನು ಒಮ್ಮೆ ಎತ್ತಿ ಬಿಡುತ್ತಿತ್ತು. ವರ್ಕ್‌ಶಾಪಿನಲ್ಲಿ ಬಾಗಿಲಿರಲಿಲ್ಲ. ತಂತಿ ಸುಮ್ಮನೆ ನೇತಾಡುತ್ತಿತ್ತು. ಅದಕ್ಕೇ ಅಲ್ಲಿ ಯಾವ ತಪ್ಪೂ ಕಾಣಿಸಿರಲಿಲ್ಲ.

ಎಲ್ಲರೂ ಕೇಜನ್ನು ನೋಡಿದ್ದರು, ಮೊಳೆಗಳನ್ನು ಎಣಿಸಿದ್ದರು, ರತ್ನಸ್ವಾಮಿಯನ್ನು ಬೈದಿದ್ದರು. ಪೆಟ್ಟಿಗೆಯಿಂದ ಹೊರಬಿದ್ದದ್ದು ಏನು ಎಂದು ತಂತಿಯ ಮೇಲೆ ಕೈಯಿಟ್ಟು ನೋಡಿದವರು ಯಾರೂ ಇರಲಿಲ್ಲ.

ಚೌಡಪ್ಪ ಅಕ್ಕನನ್ನು ಎಂಜಿನ್ ಮನೆಗೆ ಕರೆತಂದು ಗಂಟೆಯ ಎದುರು ಕೂರಿಸಿದ. ಬಾವಿಯ ಬಳಿ ಮೇಸ್ತ್ರಿ ಪೆಟ್ಟಿಗೆಯ ಹಿಂದಿನ, ಬಾಗಿಲು ವಿಚಾರಿಸುವ ಚಿಕ್ಕ ಚಕ್ರವನ್ನು ಹಿಡಿದು ಕಾಯುತ್ತಿದ್ದರು. ಕಿಟಕಿಯಿಂದ ಚೌಡಪ್ಪ ಟವೆಲ್ಲು ಬೀಸಿದ. ಮೇಸ್ತ್ರಿ ಚಕ್ರ ತಿರುಗಿಸಿದರು. ಸುತ್ತಿಗೆ ಎದ್ದು ಒಂದು ಏಟು ಹೊಡೆಯಿತು.

ಇನ್ನೊಂದು ಸಲ ಎಂದಳು ಗಂಗುಲಮ್ಮ. ಅವನು ಟವೆಲ್ಲು ಬೀಸಿದ. ಒಂದು ಏಟು. ಮತ್ತೆ ಎಂದಳು. ಮತ್ತೆ ಒಂದು ಏಟು. ಆಮೇಲೆ ಟವೆಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಬೀಸಿದಳು. ಎಷ್ಟು ಸಲ ಬೀಸಿದಳೋ ಅಷ್ಟು ಸಲ ಗಂಟೆ ಬಾರಿಸಿತು. 

“ಹಾಗಾದ್ರೆ ಇಷ್ಟು ದಿನ ಕರೀತಿದ್ದೋನು ನೀನಾ?”

“ನಾನೇ ಅಕ್ಕ. ಕರೀತಿರಲಿಲ್ಲ. ಬಾಗಿಲು ಮುಚ್ಚಿದೆಯಾ ಅಂತ ಕೇಳ್ತಿದ್ದೆ.”

 ಅವಳು ಟವೆಲ್ಲನ್ನು ಮಡಚಿ ಅವನ ಕೈಗಿಟ್ಟಳು.

“ಮುಚ್ಚಿದೆ,” ಎಂದಳು.

ಅಂದು ಮಧ್ಯಾಹ್ನವೇ ಚೌಡಪ್ಪ ವಿಚಾರಿಸುವುದಕ್ಕೆ ಬೇರೆ ತಂತಿ ಎಳೆದ. ಅದರ ತುದಿಯಲ್ಲಿ ಗಂಟೆಯಿರಲಿಲ್ಲ. ರತ್ನಸ್ವಾಮಿಗೆ ಹೇಳಿದ್ದ ಮಾತನ್ನೂ ಹಿಂದಕ್ಕೆ ತೆಗೆದುಕೊಂಡ. ಇನ್ನು ಮುಳ್ಳು ಎಲ್ಲೇ ಇರಲಿ, ಒಂಟಿ ಏಟು ಬಿದ್ದರೆ ನಿಲ್ಲಿಸಲೇಬೇಕು ಎಂದ. ಸೋಮವಾರ ಯಾರೂ ಹಲಗೆ ಕೀಳಲಿಲ್ಲ. ಕೇಜಿಗೆ ಹತ್ತು ಜನ ಹತ್ತಿದರು, ಹನ್ನೆರಡರಲ್ಲಿ ಗಂಟೆ ಬಾರಿಸಲಿಲ್ಲ. ಆದರೂ ಅಲ್ಲಿ ದಾಟುವಾಗ ಹತ್ತು ಜನರೂ ಒತ್ತಿಕೊಂಡು, ಬಾಗಿಲ ಪಕ್ಕದ ಮೂಲೆಯಲ್ಲಿ ಒಬ್ಬನಿಗಾಗುವಷ್ಟು ಜಾಗ ಬಿಟ್ಟು ನಿಂತಿದ್ದರು. ಅದನ್ನು ಸರಿಮಾಡುವುದು ಯಾವ ಮೆಕ್ಯಾನಿಕ್ಕಿನ ಕೆಲಸವೂ ಅಲ್ಲ.

ನೀತಿ: ಸುಮ್ಮನೆ ನೋಡಿಕೊಂಡು ಬರುತ್ತೇನೆ ಎಂದು ಹೊರಟ ಕೈ ಏನನ್ನೂ ಅಲುಗಿಸಬಾರದು. ಅಲುಗಿಸಿದರೆ, ಅದು ಆಜ್ಞೆಯಲ್ಲ ಎಂದು ನೀವು ಎಷ್ಟೇ ಹೇಳಿದರೂ ಪಾಲಿಸುವವನು ಪಾಲಿಸಿಯೇ ಬಿಡುತ್ತಾನೆ. ಬೇಡದ ಗಂಟೆ ಬಾರಿಸಿದರೆ ಕೇಳುವವನ ಕಿವಿ ಮುಚ್ಚಬೇಡಿ, ನಿಜವಾದ ಗಂಟೆಯೂ ಅದೇ ಕಿವಿಗೆ ಬರಬೇಕು. ತಂತಿ ಹಿಡಿದು ಅದು ಹುಟ್ಟಿದ ಕಡೆಗೆ ನಡೆಯಿರಿ. ಕೊನೆಯಲ್ಲಿ ಸಿಗುವುದು ನಿಮ್ಮದೇ ಕೈಯಾದರೆ ಹೆದರಬೇಡಿ. ದೆವ್ವವನ್ನು ತಿದ್ದಲಾಗದು, ಕೈಯನ್ನು ತಿದ್ದಬಹುದು. ಕಂಪೈಲರ್ ಬರೆಯುವವರಿಗೂ ಸಂಸಾರ ನಡೆಸುವವರಿಗೂ ಇದು ಒಂದೇ.