ಉಳ್ಳಾಗಡ್ಡಿ ಮಡಿಗೆ ಬಂದ ಜಂಗಮರು

ಪರಮಪೂಜ್ಯ ಕಂಬಳಿ ಅಜ್ಜನವರು ಗವಿಕಟ್ಟಿಯಲ್ಲಿ ನೆಲೆಸಿದ್ದ ಕಾಲದ ಮಾತು. ಮಠವೆಂದರೆ ಮಣ್ಣಿನ ಮಾಳಿಗೆಯ ಒಂದೇ ಕೋಣೆ. ಬಾಗಿಲಿಗೆ ಅಡ್ಡಲಾಗಿ ಚಾಚಿದ್ದ ದಾಳಿಂಬೆ ಟೊಂಗೆಗೆ ಆ ವರ್ಷ ಕೋಲುಜೇನು ಅಂಗೈಯಗಲದ ಹುಟ್ಟು ಕಟ್ಟಿತ್ತು. ಅಜ್ಜನವರು ಅದನ್ನು ಬಿಡಿಸಗೊಡಲಿಲ್ಲ. ತಾವೇ ಬಗ್ಗಿ ಓಡಾಡುತ್ತಿದ್ದರು. ದರ್ಶನಕ್ಕೆ ಬಂದವರೂ ಬಗ್ಗಲೇಬೇಕಾಯಿತು. ಸೆಟೆದು ನಡೆದವರ ಹಣೆ ಬಾತದ್ದುಂಟು. ಗುರುಗಳ ಮುಂದೆ ಎಂದೂ ತಲೆಬಾಗದ ಕೆಲವರು ಹೀಗೆ ಬಾಗುವುದನ್ನು ಕಲಿತರು, ಅದೂ ಒಂದು ಲಾಭವೇ ಅನ್ನಿ.

ಮಠದ ಬೇಲಿಯಾಚೆ ಫಕ್ಕೀರಪ್ಪನ ಹೊಲ. ಅವನ ತಾಯಿ ನಾಗಲವ್ವ ಪ್ರತಿವರ್ಷ ಒಂದು ಮಡಿ ಉಳ್ಳಾಗಡ್ಡಿಯನ್ನು ಕೀಳದೆ ಹೂವಿಗೆ ಬಿಟ್ಟು, ಮನೆಯ ಬೀಜ ಮಾಡಿಕೊಳ್ಳುತ್ತಿದ್ದಳು. ಅಂಥ ಕೆಂಪು, ಅಂಥ ಖಾರದ ತಳಿ ಸುತ್ತಲ ಊರುಗಳಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಉಳ್ಳಾಗಡ್ಡಿ ಬೀಜ ಹಳೆಯದಾದರೆ ಮೊಳೆಯುವುದು ಕಷ್ಟ. ಒಂದು ಹಂಗಾಮು ತಪ್ಪಿದರೆ ತಳಿಯೇ ಹೋದಂತೆ.

ಆಕೆ ಶಿವೈಕ್ಯಳಾದ ಮೇಲೆ ಆ ಭಾರ ಮಗನ ಮೇಲೆ ಬಿತ್ತು. ಲಾರಿ ಓಡಿಸಿಕೊಂಡಿದ್ದವನು ಅವನು, ಮಠಕ್ಕೂ ಹೊಲಕ್ಕೂ ಅಷ್ಟಕ್ಕಷ್ಟೆ. ಜೇನು ಹೂವಿನ ಹಾಲು ಹೀರಿದರೆ ಬೀಜ ಬಡಕಲಾಗುತ್ತದೆಂದು ತಾನೇ ಲೆಕ್ಕ ಹಾಕಿ, ಮೊಗ್ಗು ಬಿರಿಯುವ ಮೊದಲೇ ತಾಯಿಯ ತೆಳ್ಳನೆಯ ಸೀರೆಗಳನ್ನು ಕೂಡಿಸಿ ಹೊಲಿದು ಇಡೀ ಮಡಿಗೆ ಹೊದಿಸಿದ. ತಾಯಿಯ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ. ಅದನ್ನು ನಾವು ಮರೆಯಬಾರದು.

ಮೊದಲು ಅರಳಿದ ಹೂಗಳು ಒಣಗುತ್ತಿದ್ದಂತೆ ಸೀರೆ ಎತ್ತಿ ಹಿಸುಕಿ ನೋಡಿದರೆ ಎಲ್ಲ ಜೊಳ್ಳು. ಫಕ್ಕೀರಪ್ಪ ಎಣ್ಣೆ ಬಟ್ಟೆ ಸುತ್ತಿದ ಕೋಲಿಗೆ ಬೆಂಕಿ ಹಚ್ಚಿಕೊಂಡು ನೇರ ಮಠಕ್ಕೆ ಬಂದ.

“ಅಜ್ಜಾರ, ನಿಮ್ಮ ಹುಳ ಸೀರಿ ಸಂದ್ಯಾಗ ನುಗ್ಗಿ ಹಾಲೆಲ್ಲಾ ಕುಡದಾವು. ನಮ್ಮವ್ವನ ತಳಿ ನನ್ನ ಕೈಯಾಗ ಮುಗೀತು. ಇವತ್ತ ಈ ಹುಟ್ಟು ಸುಡಾಂವನ.”

ತಡೆಯಲು ಎದ್ದ ಶಿಷ್ಯರಾದ ನಮ್ಮನ್ನು ಅಜ್ಜನವರು ಕೈಸನ್ನೆಯಿಂದಲೇ ಕೂರಿಸಿದರು. ಬಗ್ಗಿ ಹೊರಗೆ ಬಂದು, ಹುಟ್ಟಿಗೂ ಬೆಂಕಿಗೂ ನಡುವೆ ನಿಂತರು.

“ಸುಡುವಿಯಂತ. ಮೊದಲ ಸೀರಿ ಕೆಳಗಿಂದ ಒಂದು ಹೂ ತಾ. ಆಡು ಸೀರಿ ಹರದ ಮೂಲಿ ಐತೆಲ್ಲ, ಅಲ್ಲಿಂದ ಒಂದು ತಾ.”

ಹೂ ಬಿರಿಯುವ ಹೊತ್ತಿಗೇ ಆಡೊಂದು ಬೇಲಿ ನುಗ್ಗಿ ಒಂದು ಮೂಲೆ ಹರಿದಿದ್ದು ನಿಜ. ಬೇಲಿಯಾಚೆಯದೂ ಅಜ್ಜನವರ ಕಣ್ಣು ತಪ್ಪುತ್ತಿರಲಿಲ್ಲ. ಫಕ್ಕೀರಪ್ಪ ಗೊಣಗುತ್ತಲೇ ಹೋಗಿ ಎರಡೂ ತಂದ. ಅಜ್ಜನವರು ಸೀರೆಯ ಕೆಳಗಿನ ಹೂವನ್ನು ಅಂಗೈಯಲ್ಲಿ ತಿಕ್ಕಿ ಊದಿದರು. ಅಂಗೈ ಬರಿದಾಯಿತು. ಹರಿದ ಮೂಲೆಯದನ್ನು ತಿಕ್ಕಿ ಊದಿದರು. ಹೊಟ್ಟು ಹಾರಿ, ಕಾಡಿಗೆಗಪ್ಪು ಬೀಜಗಳು ಅಂಗೈ ತುಂಬ ಉಳಿದವು.

“ಭಿಕ್ಷಕ್ಕ ಬಂದ ಜಂಗಮರನ್ನ ಬಾಗಲದಾಗ ತಡದಿ,” ಎಂದರು ಅಜ್ಜನವರು. “ಪ್ರಸಾದ ಎಲ್ಲಿಂದ ಬರಬೇಕು ತಮ್ಮಾ?”

ಅಷ್ಟೇ ಮಾತು. ಜೇನು ಮೈಗಂಟಿದ ಹೂಪುಡಿಯನ್ನು ಹೂವಿಂದ ಹೂವಿಗೆ ಮುಟ್ಟಿಸದಿದ್ದರೆ ಕಾಳು ಕಟ್ಟುವುದಿಲ್ಲವೆಂದು ಅವನಿಗೆ ಬೇರೆ ಬಿಡಿಸಿ ಹೇಳಬೇಕಾಗಲಿಲ್ಲ. ಬೆಂಕಿಯನ್ನು ತಾನೇ ಮಣ್ಣಿಗೆ ಒತ್ತಿ ಆರಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು.

“ಇನ್ನ ಏನ ಉಳದೈತ್ರಿ ಅಜ್ಜಾರ?”

“ತಡಾ ಮಾಡಿ ಎದ್ದ ತೆನಿ ಇನ್ನೂ ಅರಳಾಕತ್ತಾವು. ಹೋಗಿ ಸೀರಿ ತಗಿ.”

ಅವನು ಓಡಿದ. ಗಂಟು ಬಿಚ್ಚುವ ತಾಳ್ಮೆಯೂ ಇಲ್ಲದೆ ಸೀರೆಗಳನ್ನು ಸೆಳೆದು ಹಾಕಿದ್ದನ್ನು ನಾವು ಬೇಲಿಯ ಮೇಲಿಂದ ಕಂಡೆವು. ಬಿಸಿಲು ಏರುವ ಹೊತ್ತಿಗೆ ದಾಳಿಂಬೆ ಟೊಂಗೆಯಿಂದ ಜೇನುಗಳು ಸಾಲುಗಟ್ಟಿ ಬೇಲಿ ದಾಟತೊಡಗಿದವು. ಅಜ್ಜನವರು ಕೈಮುಗಿದು ಅವಕ್ಕೆ ದಾರಿ ಬಿಟ್ಟರು.

ಆ ವರ್ಷ ದೊರೆತದ್ದು ಒಂದು ಬೊಗಸೆ ಬೀಜ. ತಳಿ ಉಳಿಯಲು ಅಷ್ಟು ಸಾಕಾಯಿತು. ಇಂದಿಗೂ ಮಠದ ದಾಸೋಹದಲ್ಲಿ ರೊಟ್ಟಿಯ ಪಕ್ಕಕ್ಕೆ ಬರುವುದು ಅದೇ ಉಳ್ಳಾಗಡ್ಡಿ. ತಿಂದವರ ಕಣ್ಣಲ್ಲಿ ನೀರು ತರಿಸುತ್ತದೆ.

ಫಕ್ಕೀರಪ್ಪ ಈಗ ಮುದುಕನಾಗಿದ್ದಾನೆ. ಉಳ್ಳಾಗಡ್ಡಿ ಹೂ ಬಿಟ್ಟ ದಿನಗಳಲ್ಲಿ ಔಷಧ ಹೊಡೆಯುವ ಪಂಪು ಅಟ್ಟದಿಂದ ಕೆಳಗಿಳಿಯುವುದಿಲ್ಲ. ಮಡಿಯ ಬಳಿ ಹೋದ ನನಗೆ ಮೊನ್ನೆ ತಗ್ಗಿದ ದನಿಯಲ್ಲೇ ಅಪ್ಪಣೆಯಾಯಿತು.

“ಕೆರ ಅಲ್ಲೇ ಬಿಟ್ಟು ಬರ್ರಿ. ಜಂಗಮರು ಊಟಕ್ಕ ಕುಂತಾರ.”